ನನ್ನ ಐದಡಿಯ ಫ್ರಾನ್ಸ್

ದಕ್ಷಿಣ ಫ್ರಾನ್ಸಿನ ಹಳ್ಳಿ ರಸ್ತೆಗಳ ಬಗ್ಗೆ ಯಾರಿಗಾದರೂ ಸಂಶಯವಿದ್ದರೆ ಧಾರಾಳವಾಗಿ ನನ್ನನ್ನು ಕೇಳಬಹುದು. ಯಾವ ಊರಿನ ಹೊರಗೆ ಸೇತುವೆ ಸಪೂರ, ಯಾವ ಗುಡ್ಡದ ನೆತ್ತಿಯಲ್ಲಿ ಇಗರ್ಜಿ, ಯಾವ ತಿರುವಿನಲ್ಲಿ ಎಡಕ್ಕೆ ಕತ್ತು ತಿರುಗಿಸಿದರೆ ದ್ರಾಕ್ಷಿ ತೋಟ, ಎಲ್ಲವೂ ನನಗೆ ಬಾಯಿಪಾಠ. ಬಹ್ರೈನಿನಲ್ಲಿದ್ದ ಕನ್ನಡಿಗರ ಪೈಕಿ ಈ ವಿಷಯದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ನಾನು ಫ್ರಾನ್ಸಿಗೆ ಹೋಗಿಲ್ಲ ಎಂಬುದು ಒಂದು ಸಣ್ಣ ವಿವರ, ಅಷ್ಟೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಹ್ರೈನಿನ ಅವಾಲಿಯ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಪೈಪು ಎಲ್ಲಿಂದ ಹೊರಟು, ಎಲ್ಲಿ ಬಾಗಿ, ಎಲ್ಲಿ ಸೇರಬೇಕು ಎಂದು ಟ್ರೇಸಿಂಗ್ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಗೆರೆ ಎಳೆಯುವುದು ನನ್ನ ಉದ್ಯೋಗ. ನನ್ನ ಗೆರೆ ನೋಡಿದರೆ ಪೈಪಿಗೇ ನಾಚಿಕೆಯಾಗಬೇಕು, ಅಷ್ಟು ನೇರ. ಇದನ್ನು ನಾನಾಗಿ ಹೇಳಿಕೊಳ್ಳುವುದಲ್ಲ, ನಮ್ಮ ಮೇಲಧಿಕಾರಿ, ಫ್ರೆಂಚ್ ಎಂಜಿನಿಯರ್ ಪಿಯೆರ್ ಸಾಹೇಬರು ನಾಲ್ಕು ಜನರ ಎದುರು ಹೇಳಿದ್ದು. ಅವರ ಅಜ್ಜನ ಕಾಲದ ಕಲ್ಲಿನ ಮನೆಯೊಂದು ಪ್ರೊವಾನ್ಸ್ ಸೀಮೆಯ ಗುಡ್ಡದ ಹಳ್ಳಿಯಲ್ಲಿತ್ತು. ಅದರ ಹೆಂಚಿನ ಮಾಡಿನ ರಿಪೇರಿಗೆ ನಕ್ಷೆ ಬೇಕಾಗಿತ್ತು. ಎರಡು ತಿಂಗಳು ಸಂಜೆ ಹೊತ್ತು ಕೂತು ನಾನು ಬರೆದುಕೊಟ್ಟೆ. ಸಾಹೇಬರು ನಕ್ಷೆಯನ್ನು ಹಿಂದೆ ಮುಂದೆ ನೋಡಿ, ಜೂನ್ ತಿಂಗಳಲ್ಲಿ ಹನ್ನೆರಡು ದಿನ ಗಂಡ ಹೆಂಡತಿ ಇಬ್ಬರೂ ಹೋಗಿ ಆ ಮನೆಯಲ್ಲಿ ಇರಿ, ಕೊಟ್ಟಿಗೆಯಲ್ಲಿ ಒಂದು ಹಳೆಯ ಪುಟ್ಟ ಕಾರಿದೆ, ಹಳ್ಳಿ ಹಳ್ಳಿ ಸುತ್ತಿ ಬನ್ನಿ ಎಂದರು. ಜುಲೈ ಒಂದರಿಂದ ಮಗನ ಸಂಸಾರ ಅಲ್ಲಿಗೆ ಬರುತ್ತದೆ, ಆಮೇಲೆ ಜಾಗವಿಲ್ಲ ಎಂದೂ ಹೇಳಿದರು.

ಆ ದಿನ ಅವಾಲಿಯಿಂದ ಬುದಯ್ಯದ ನಮ್ಮ ಕಂಪೌಂಡಿನವರೆಗೆ ಕಾರು ಓಡಿಸಿದ್ದು ನಾನೋ, ನನ್ನ ಹೆಮ್ಮೆಯೋ ಗೊತ್ತಿಲ್ಲ. ಹೆಂಡತಿ ಸುಮತಿ ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ವಿಷಯ ಹೇಳಿದೆ. ಅವಳು ಚೂರಿ ಕೆಳಗಿಟ್ಟಳು. ಕುಣಿಯಬಹುದು, ಇಲ್ಲವೇ ನಂಬದಿರಬಹುದು ಎಂದು ನಾನು ಕಾದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ನಮ್ಮ ಕಡೆಯವರು ಯಾರಾದ್ರೂ ಉಂಟಾ?"

"ಒಬ್ಬರೂ ಇಲ್ಲ."

"ಹಾಗಾದ್ರೆ ಹೋಗುವ," ಎಂದಳು.

ಈ ಪ್ರಶ್ನೆಯ ಹಿಂದಿನ ಸಂಕಟ ನಿಮಗೆ ತಿಳಿಯಬೇಕು. ನಮಗೆ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ರಜೆ. ಉಡುಪಿಯಲ್ಲಿ ಬಸ್ಸಿನಿಂದ ಇಳಿದ ಮರುಕ್ಷಣದಿಂದ ನಾನು 'ಫಾರಿನ್ನಿಂದ ಬಂದ ಸದಾನಂದ'. ಜಗಲಿಯಲ್ಲಿ ಕಾಲು ಚಾಚಿ ಕೂತು ಊರಿನವರಿಗೆ ಮರುಭೂಮಿಯ ಕತೆ ಹೇಳುವವನು. ಸುಮತಿ ಮಾತ್ರ ಬಂದವಳೇ ಚಪ್ಪಲಿ ಬಿಟ್ಟು ಸೀದಾ ಒಲೆ ಮುಂದೆ. ನನ್ನ ಕತೆ ಕೇಳಲು ಬಂದವರಿಗೆಲ್ಲ ಚಾ, ತಿಂಡಿ, ಊಟ. ಎರಡು ತಿಂಗಳು ಮುಗಿದು ವಿಮಾನ ಹತ್ತಿದರೆ ಅವಳು ಬಾಂಬೆಯಿಂದ ಬಹ್ರೈನಿನವರೆಗೆ ಒಂದೇ ನಿದ್ದೆ. ಮದುವೆಯಾಗಿ ಎಂಟು ವರ್ಷಗಳಲ್ಲಿ ಅವಳು ನನ್ನಲ್ಲಿ ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಒಮ್ಮೆ ಮಾತ್ರ, ಯಾರೂ ಗುರುತಿಲ್ಲದ ಜಾಗಕ್ಕೆ ಹೋಗಿ ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಾ ಕೂರಬೇಕು ಅಂತ ಆಸೆ ಎಂದು ಹೇಳಿದ್ದಳು. ಆಗ ನಾನು ಪೇಪರು ಓದುತ್ತಾ ಹೂಂ ಅಂದಿದ್ದೆ. ಈಗ ಆ ಹೂಂ ಅನ್ನು ನಿಜ ಮಾಡುವ ಕಾಲ ಬಂದಿತ್ತು. ಸುಮತಿಯ ಕೈ ಹಿಡಿದು, ಎಲ್ಲ ಜವಾಬ್ದಾರಿ ನನ್ನದು, ನೀನು ಕಾರಿನಲ್ಲಿ ಕೂತರೆ ಸಾಕು ಎಂದು ಮಾತು ಕೊಟ್ಟೆ.

ಜವಾಬ್ದಾರಿ ಎಂದಕೂಡಲೇ ಡ್ರಾಫ್ಟ್ಸ್‌ಮನ್ ಏನು ಮಾಡುತ್ತಾನೆ? ಹಾಳೆ ಬಿಡಿಸುತ್ತಾನೆ. ಸಾಹೇಬರಿಂದ ಅಲ್ಲಿಯ ರಸ್ತೆ ನಕ್ಷೆ ತಂದು, ಅದನ್ನು ಎಂಟು ಪಟ್ಟು ಹಿಗ್ಗಿಸಿ, ಟ್ರೇಸಿಂಗ್ ಹಾಳೆಯ ಮೇಲೆ ಮೂರು ಬಣ್ಣದ ಶಾಯಿಯಲ್ಲಿ ಬರೆಯಲು ಶುರುಮಾಡಿದೆ. ನಮ್ಮ ಊಟದ ಮೇಜು ಮೂರು ತಿಂಗಳು ಫ್ರಾನ್ಸಿನ ವಶವಾಯಿತು. ನಾವು ನೆಲದಲ್ಲಿ ಕೂತು ಉಂಡೆವು. ಪ್ರತಿ ಹಳ್ಳಿಗೆ ಒಂದು ನಂಬರು, ಪ್ರತಿ ತಿರುವಿಗೆ ಒಂದು ಬಾಣ, ಪಕ್ಕದಲ್ಲಿ ವೇಳಾಪಟ್ಟಿ. 'ಬೆಳಿಗ್ಗೆ 9.15 ಹೊರಡುವುದು. 10.40 ಗುಡ್ಡದ ತಿರುವು, ದೃಶ್ಯವೀಕ್ಷಣೆ, 12 ನಿಮಿಷ. 10.52 ಮುಂದಕ್ಕೆ.'

ಸುಮತಿ ಬಗ್ಗಿ ಓದಿ, ದೃಶ್ಯ ನೋಡಲಿಕ್ಕೆ ಹನ್ನೆರಡು ನಿಮಿಷ ಸಾಕಾ, ಹದಿಮೂರನೇ ನಿಮಿಷಕ್ಕೆ ನೋಡಿದರೆ ಏನಾಗುತ್ತದೆ ಎಂದು ಕೇಳಿದಳು. ಹದಿಮೂರಾದರೆ ಮಧ್ಯಾಹ್ನದ ಊಟ ಮುಂದಿನ ಹಳ್ಳಿಗೆ ಜಾರುತ್ತದೆ ಎಂದು ನಾನು ಗಂಭೀರವಾಗಿ ವಿವರಿಸಿದೆ.

ನಕ್ಷೆ ಮೂರೂವರೆ ಅಡಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಲಿಲ್ಲಿ ಬಾಯಿ ಬಂದರು. ಲಿಲ್ಲಿ ಬಾಯಿ ಮತ್ತು ಅವರ ಗಂಡ ಪಾಸ್ಕಲ್ ಮಂಗಳೂರಿನ ಕಡೆಯವರು. ಪಾಸ್ಕಲ್ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ಸದಾ ನಗುವ ಮನುಷ್ಯ. ಲಿಲ್ಲಿ ಬಾಯಿ ಮಾತ್ರ ಭಕ್ತಿಯ ವಿಷಯದಲ್ಲಿ ನಗುವವರಲ್ಲ. ಅವರ ಕೈಯಲ್ಲಿ ಐದು ಲೀಟರಿನ ಖಾಲಿ ಕ್ಯಾನು.

"ಸದಾನಂದಣ್ಣ, ಹೇಗೂ ಫ್ರಾನ್ಸಿಗೆ ಹೋಗ್ತೀರಲ್ಲ. ಲೂರ್ಡ್ಸ್ ಮಾತೆಯ ಬುಗ್ಗೆಯ ನೀರು ಒಂಚೂರು ತನ್ನಿ. ನನ್ನ ಅಮ್ಮನಿಗೆ ಮೊಣಕಾಲು ಎತ್ತಲಿಕ್ಕೇ ಆಗುದಿಲ್ಲ."

ಗಲ್ಫಿನಲ್ಲಿ ಒಂದು ಅಲಿಖಿತ ಕಾನೂನು ಇತ್ತು. ಒಬ್ಬ ವಿಮಾನ ಹತ್ತುತ್ತಾನೆ ಎಂದು ತಿಳಿದರೆ ಸಾಕು, ಕಂಪೌಂಡಿನವರೆಲ್ಲ ಅವನ ಕೈಯಲ್ಲಿ ಏನಾದರೂ ಕೊಡಬೇಕು, ಇಲ್ಲವೇ ಏನಾದರೂ ತರಿಸಬೇಕು. ಅವನು ಬೇಡ ಎನ್ನಬಾರದು. ಬೇಡ ಎಂದರೆ ಮುಂದಿನ ಸಲ ಅವನ ಅಮ್ಮನಿಗೆ ಯಾರೂ ಟೈಗರ್ ಬಾಮ್ ಒಯ್ಯುವುದಿಲ್ಲ. ನಾನು ಒಪ್ಪಿದೆ. ಆಮೇಲೆ ನಕ್ಷೆ ನೋಡಿದರೆ ಲೂರ್ಡ್ಸ್ ನನ್ನ ಹಾಳೆಯಲ್ಲೇ ಇಲ್ಲ! ದೇಶದ ಆ ತುದಿಗೆ ಅದು, ಈ ತುದಿಗೆ ಸಾಹೇಬರ ಮನೆ. ಒಪ್ಪಿಕೊಂಡ ಮೇಲೆ ಮುಗಿಯಿತು. ಒಂದೂವರೆ ಅಡಿ ಹಾಳೆಯನ್ನು ಬಾಲದ ಹಾಗೆ ಅಂಟಿಸಿದೆ. ಹೀಗೆ ನಕ್ಷೆ ಐದಡಿಯಾಯಿತು. ವಾರದೊಳಗೆ ಲಿಲ್ಲಿ ಬಾಯಿಯ ಚರ್ಚಿನ ಗೆಳತಿಯರಿಂದ ಇನ್ನೂ ಹತ್ತು ಖಾಲಿ ಕ್ಯಾನುಗಳು ಬಂದು ನಮ್ಮ ಜಗಲಿಯಲ್ಲಿ ಸಾಲಾಗಿ ನಿಂತವು. ಮತ್ತೊಬ್ಬರು ಕುಂದಾಪುರದ ತಂಗಿಗೆ ಒಂದು ಇಸ್ತ್ರಿ ಪೆಟ್ಟಿಗೆಯನ್ನೂ ತಂದರು. ಫ್ರಾನ್ಸ್ ಕುಂದಾಪುರದ ದಾರಿಯಲ್ಲಿಲ್ಲ ಎಂದು ಅವರಿಗೆ ನಕ್ಷೆ ತೋರಿಸಿ ಮನವರಿಕೆ ಮಾಡಬೇಕಾಯಿತು.

ಒಂದು ದಿನ ಸಾಹೇಬರು, ನಮ್ಮ ಕಡೆಯ ರಸ್ತೆ ಬರೀ ಏರು ಇಳಿತ, ಏರಿನಲ್ಲಿ ನಿಲ್ಲಿಸಿದ ಗಾಡಿ ಹೊರಡಿಸಲು ನಿಮಗೆ ಬರುತ್ತದಲ್ಲವೇ ಎಂದು ಕೇಳಿದರು. ಬರದೇ ಏನು ಎಂದು ನಕ್ಕೆ. ನಕ್ಕ ಮೇಲೆ ಯೋಚಿಸಿದೆ. ನಾನು ಕಾರು ಕಲಿತದ್ದು ಬಹ್ರೈನಿನಲ್ಲಿ. ಈ ದ್ವೀಪ ದೋಸೆ ಕಾವಲಿಯ ಹಾಗೆ ಚಪ್ಪಟೆ. ಏರು ಎಂಬುದನ್ನು ನನ್ನ ಕಾರು ಈವರೆಗೆ ಕಂಡೇ ಇರಲಿಲ್ಲ.

ಹೆದರುವುದು ನಮ್ಮ ವಂಶದಲ್ಲಿಲ್ಲ. ದ್ವೀಪದ ನಡುವೆ ಒಂದೇ ಒಂದು ಗುಡ್ಡವಿದೆ, ಜಬಲ್ ದುಖಾನ್. ಒಂದು ಶುಕ್ರವಾರ ಅಲ್ಲಿ ಪೂರ್ಣ ಪ್ರಮಾಣದ ರಿಹರ್ಸಲ್ ಎಂದು ಘೋಷಿಸಿದೆ. ಸುಮತಿ ಮುಂದಿನ ಸೀಟಿನಲ್ಲಿ ಐದಡಿಯ ನಕ್ಷೆ ಬಿಡಿಸಿಕೊಂಡು. ಹಿಂದಿನ ಸೀಟಿನಲ್ಲಿ ಸಾಮಾನಿನ ಭಾರಕ್ಕೆ ಸಮನಾಗಿ ಪಾಸ್ಕಲ್ ಮತ್ತು ಲಿಲ್ಲಿ ಬಾಯಿ. ನಿಜ ಹೇಳಬೇಕೆಂದರೆ ಪಾಸ್ಕಲ್ ಒಬ್ಬರೇ ಸಾಕಾಗಿತ್ತು. ಬುದಯ್ಯದಿಂದ ಸರಿಯಾಗಿ 9.15ಕ್ಕೆ ಹೊರಟೆವು. ದಾರಿಯ ಎರಡೂ ಬದಿಯ ಖರ್ಜೂರದ ತೋಟಗಳನ್ನು ದ್ರಾಕ್ಷಿ ತೋಟ ಎಂದು ಭಾವಿಸಬೇಕೆಂದು ಎಲ್ಲರಿಗೂ ತಿಳಿಸಿದೆ. 10.40ಕ್ಕೆ ಗುಡ್ಡದ ಏರಿನ ನಡುವೆ ನಿಲ್ಲಿಸಿದೆ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹನ್ನೆರಡು ನಿಮಿಷ ದೃಶ್ಯವೀಕ್ಷಣೆ ಮಾಡಿದೆವು. ದೃಶ್ಯವೆಂದರೆ ಕಲ್ಲು, ಮರಳು ಮತ್ತು ಪೈಪು. ಪೈಪುಗಳಲ್ಲಿ ಮೂರು ನಾನು ಬರೆದದ್ದು ಎಂದು ತೋರಿಸಿಕೊಟ್ಟೆ. 10.52ಕ್ಕೆ ಹ್ಯಾಂಡ್‌ಬ್ರೇಕ್ ಬಿಟ್ಟು ಕ್ಲಚ್ ಎತ್ತಿದೆ.

ಕಾರು ಹಿಂದಕ್ಕೆ ಹೊರಟಿತು!

ಬ್ರೇಕು ತುಳಿದೆನೆಂದು ನಾನು ತಿಳಿದಿದ್ದೆ. ತುಳಿದದ್ದು ಬೇರೆಯದನ್ನು. ಲಿಲ್ಲಿ ಬಾಯಿ ಲೂರ್ಡ್ಸ್ ಮಾತೆಯನ್ನು ಅಲ್ಲಿಂದಲೇ ಕರೆಯತೊಡಗಿದರು. ಐದಡಿಯ ಫ್ರಾನ್ಸ್ ಗಾಳಿಗೆ ಎದ್ದು ನನ್ನ ಮುಖಕ್ಕೆ ಅಂಟಿಕೊಂಡಿತು. ಹಿಂದಿನ ಚಕ್ರ ಎರಡೂ ರಸ್ತೆ ಬಿಟ್ಟು ಮೆತ್ತಗಿನ ಮರಳಿಗೆ ಇಳಿದು, ಕಾರು ಮೂಗು ಮೇಲೆ ಮಾಡಿ ನಿಂತಿತು. ಯಾರಿಗೂ ಏಟಾಗಲಿಲ್ಲ. ಪಾಸ್ಕಲ್ ಮಡಿಲಲ್ಲಿದ್ದ ಮೊಸರನ್ನದ ಡಬ್ಬಿ ಮಾತ್ರ ಬಾಯಿ ತೆರೆದಿತ್ತು.

ಅರ್ಧ ಗಂಟೆಯ ಮೇಲೆ ಆ ದಾರಿಯಲ್ಲಿ ಬಂದ ಒಬ್ಬ ವಯಸ್ಸಾದ ಬಹ್ರೈನಿ ತನ್ನ ಜೀಪಿಗೆ ಹಗ್ಗ ಕಟ್ಟಿ ನಮ್ಮನ್ನು ಎಳೆದ. ಎಲ್ಲಿಗೆ ಹೊರಟಿರಿ ಎಂದು ಹಿಂದಿಯಲ್ಲಿ ವಿಚಾರಿಸಿದ. ಮೈಮೇಲಿನ ಮೊಸರು ಒರೆಸಿಕೊಳ್ಳುತ್ತಿದ್ದ ಪಾಸ್ಕಲ್, ಫ್ರಾನ್ಸಿಗೆ ಎಂದರು. ಅವನು ನನ್ನ ಕೈಯ ನಕ್ಷೆಯನ್ನು, ಕಾರನ್ನು, ಗುಡ್ಡವನ್ನು ಬಹಳ ಮರ್ಯಾದೆಯಿಂದ ನೋಡಿದ.

"ಫ್ರಾನ್ಸ್ ಇಧರ್ ಸೇ ನಹೀಂ ಜಾತಾ, ಭಾಯಿ," ಎಂದು ಹೇಳಿ ಹಗ್ಗ ಸುತ್ತಿಕೊಂಡು ಹೋದ.

ಆಮೇಲೆ ನಾಲ್ಕು ಶುಕ್ರವಾರ ಅದೇ ಏರಿನಲ್ಲಿ ಅಭ್ಯಾಸ ಮಾಡಿ ಗೆದ್ದೆ ಎಂಬುದನ್ನೂ ದಾಖಲಿಸಬೇಕು. ನನ್ನ ಪೌರುಷದ ಬಗ್ಗೆ ಯಾರಿಗೂ ಅನುಮಾನ ಬೇಡ. ಜೂನ್ ಹತ್ತಿರವಾಯಿತು. ಟಿಕೆಟ್ ಬಂತು. ಸುಮತಿ ಎರಡು ಹತ್ತಿಯ ಸೀರೆಗೆ ಹೊಂದುವ ಸ್ವೆಟರು ಹೆಣೆದಳು, ಕಿಟಕಿಯ ಬದಿ ಗಾಳಿ ತಣ್ಣಗಿದ್ದರೆ ಎಂದು. ಹೊರಡಲು ಹನ್ನೆರಡು ದಿನ ಇರುವಾಗ ಸಾಹೇಬರು ಸಹಜವಾಗಿ, ವೀಸಾ ಆಯಿತಲ್ಲ ಎಂದು ಕೇಳಿದರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

ನನ್ನ ತಪ್ಪು ನಿಮಗೆ ಅರ್ಥವಾಗಬೇಕಾದರೆ ಗಲ್ಫಿನ ನಮ್ಮ ಜೀವನ ಅರ್ಥವಾಗಬೇಕು. ಬಂದಿಳಿದ ದಿನ ಕಂಪೆನಿಯವರು ಪಾಸ್‌ಪೋರ್ಟ್ ತೆಗೆದುಕೊಂಡು ತಿಜೋರಿಯಲ್ಲಿಡುತ್ತಿದ್ದರು. ಇಕಾಮಾ ಎಂಬ ವಾಸದ ಪರವಾನಗಿ, ವೀಸಾ, ಮೊಹರು, ಸಹಿ, ಎಲ್ಲವನ್ನೂ ಕಂಪೆನಿಯ ಕಾಗದಪತ್ರದ ಮನುಷ್ಯನೇ ಓಡಾಡಿ ಮಾಡಿಸುತ್ತಿದ್ದ. ಊರಿಗೆ ಹೊರಡುವ ದಿನ ಪಾಸ್‌ಪೋರ್ಟ್ ಟಿಕೆಟಿನೊಳಗೆ ಕೂತು ಕೈಗೆ ಬರುತ್ತಿತ್ತು, ವಾಪಸು ಬಂದ ದಿನ ಮತ್ತೆ ತಿಜೋರಿಗೆ. ಆ ಪುಸ್ತಕದ ಒಳಗೆ ಏನಿದೆ ಎಂದು ಓದಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ವೀಸಾ ಎಂಬುದು ಬೇರೆ ಯಾರೋ ಮಾಡಿಸುವ ವಸ್ತು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಪ್ರೊವಾನ್ಸಿನ ಸಪೂರ ಸೇತುವೆಯ ಅಗಲ ನನಗೆ ಗೊತ್ತಿತ್ತು. ದೇಶದೊಳಗೆ ಬಿಡಲು ಅವರ ಅಪ್ಪಣೆ ಬೇಕೆಂಬುದು ಮಾತ್ರ ಹೊಳೆದಿರಲಿಲ್ಲ.

ಸಾಹೇಬರು ಒಳ್ಳೆಯವರು. ಎರಡೂ ಪಾಸ್‌ಪೋರ್ಟ್ ತನ್ನಿ, ನಾನೇ ಪತ್ರ ಬರೆದು, ಪರಿಚಯದವರಿಗೆ ಹೇಳಿ ವಾರದೊಳಗೆ ಮಾಡಿಸುತ್ತೇನೆ ಎಂದರು. ನನ್ನದನ್ನು ತಿಜೋರಿಯಿಂದ ಬಿಡಿಸಿಕೊಂಡೆ. ಸುಮತಿ ಕೆಲಸಕ್ಕಾಗಿ ಬಂದವಳಲ್ಲವಾದ್ದರಿಂದ ಅವಳದು ಮನೆಯಲ್ಲೇ, ಕಪಾಟಿನಲ್ಲಿ, ರೇಷ್ಮೆ ಸೀರೆಯ ಅಡಿಯಲ್ಲಿತ್ತು. ಸಂಜೆ ಸಾಹೇಬರೂ ಅವರ ಹೆಂಡತಿ ಕ್ಲೇರ್ ಅಮ್ಮನೂ ನಮ್ಮ ಮನೆಗೇ ಬಂದರು. ಕ್ಲೇರ್ ಅಮ್ಮನಿಗೆ ಸುಮತಿ ನೀರುದೋಸೆ ಕಲಿಸಿದ್ದಳು, ಇಬ್ಬರಿಗೂ ಒಳ್ಳೆಯ ಸ್ನೇಹ. ಸಾಹೇಬರು ನನ್ನ ಪಾಸ್‌ಪೋರ್ಟ್ ಬಿಡಿಸಿ ಒಂದು ಪುಟದಲ್ಲಿ ಬೆರಳಿಟ್ಟು ನಿಲ್ಲಿಸಿದರು.

ಆಗಿನ ನಮ್ಮ ಪಾಸ್‌ಪೋರ್ಟುಗಳಲ್ಲಿ ಯಾವ ಯಾವ ದೇಶಗಳಿಗೆ ಹೋಗಬಹುದು ಎಂದು ಬರೆದಿರುತ್ತಿತ್ತು. ನನ್ನದರಲ್ಲಿ ಹೀಗಿತ್ತು: ಬಹ್ರೈನ್, ಕುವೈತ್, ಕತಾರ್, ಒಮಾನ್. ಅಷ್ಟೆ. ಮಂಗಳೂರಿನ ಏಜೆಂಟು ಅಂದು, ಎಲ್ಲ ದೇಶ ಅಂತ ಬರೀರಿ ಸಾರ್ ಎಂದು ಹೇಳಿದ್ದು ನನಗೆ ಈಗ ನೆನಪಾಯಿತು. ನಾನು ಕೆಲಸ ಮಾಡಲು ಹೋಗುವವನು, ಊರೂರು ಅಲೆಯುವವನಲ್ಲ ಎಂದು ಅವನಿಗೆ ಬುದ್ಧಿ ಹೇಳಿ, ನನ್ನ ಮುತ್ತಿನಂಥ ಅಕ್ಷರದಲ್ಲಿ ನಾಲ್ಕೇ ದೇಶ ಬರೆದುಕೊಟ್ಟಿದ್ದೆ. ಬೇರೆ ದೇಶ ಸೇರಿಸಬಹುದು. ಆದರೆ ಕಂಪೆನಿಯ ಪತ್ರ, ನಮ್ಮ ರಾಯಭಾರ ಕಚೇರಿಯ ಅರ್ಜಿ, ಎಲ್ಲ ಸೇರಿ ಮೂರು ವಾರವಾದರೂ ಬೇಕು. ಅದು ಮುಗಿದ ಮೇಲೆ ವೀಸಾ. ಅಷ್ಟರಲ್ಲಿ ಜುಲೈ.

ಸಾಹೇಬರು ಸುಮತಿಯ ಪಾಸ್‌ಪೋರ್ಟ್ ಬಿಡಿಸಿದರು. ಅವರ ಹುಬ್ಬು ಮೇಲೆ ಹೋಯಿತು. ಅವಳದರಲ್ಲಿ ಒಂದೆರಡು ದೇಶ ಬಿಟ್ಟು ಪ್ರಪಂಚದ ಎಲ್ಲ ದೇಶಗಳೂ ಇದ್ದವು!

"ಇದನ್ನು ಯಾರು ಬರೆಸಿದ್ದು?" ಎಂದು ಕೇಳಿದೆ.

"ನಾನೇ."

"ನೀನು ಬರುವುದಿದ್ದದ್ದು ಬಹ್ರೈನಿಗಲ್ವಾ? ಇಷ್ಟೆಲ್ಲ ಎಂತಕ್ಕೆ?"

ಅವಳು ಸೆರಗಿನ ತುದಿ ನೋಡುತ್ತಾ ಹೇಳಿದಳು. "ಏಜೆಂಟ್ ಕೇಳಿದ್ರು, ಎಲ್ಲಿಗೆಲ್ಲ ಹೋಗ್ಲಿಕ್ಕೆ ಮನಸ್ಸುಂಟು ಅಂತ. ಅದುವರೆಗೆ ನನ್ನತ್ರ ಯಾರೂ ಹಾಗೆ ಕೇಳಿರ್ಲಿಲ್ಲ. ಹಾಗೆ ಎಲ್ಲ ಬರೆಸಿದೆ."

ಪೇಪರು ಓದುತ್ತಾ ಅಂದ ಹೂಂ ನೆನಪಾಗಿ ನಾಚಿಕೆಯಾಯಿತು. ಕ್ಲೇರ್ ಅಮ್ಮ ಮಾತು ಅರ್ಥವಾಗದೆಯೂ ಏನೋ ಅರ್ಥ ಮಾಡಿಕೊಂಡರು. ಮಾಡಿನ ಕೆಲಸ ನೋಡಲು ನಾನು ಹೇಗೂ ಆ ವಾರವೇ ಹೊರಡುತ್ತೇನೆ, ಸುಮತಿ ನನ್ನ ಜೊತೆ ಬರಲಿ, ಕಾರು ನಾನು ಓಡಿಸುತ್ತೇನೆ ಎಂದರು. ಸುಮತಿ ನನ್ನ ಕಡೆ ತಿರುಗಿದಳು. ಬೇಡ ಎಂದರೆ ಅವಳು ಒಂದು ಮಾತೂ ಆಡದೆ ಸ್ವೆಟರನ್ನು ಕಪಾಟಿಗೆ ಸೇರಿಸುತ್ತಿದ್ದಳು, ಅದು ನನಗೆ ಗೊತ್ತು. ಹೊಟ್ಟೆಯೊಳಗೆ ಉರಿಯುತ್ತಿದ್ದುದೂ ಗೊತ್ತು. ಮೂರು ತಿಂಗಳು ಬರೆದವನು ನಾನು!

"ಹೋಗು," ಎಂದೆ. "ನಕ್ಷೆ ಮರೀಬೇಡ."

ಸುಮತಿಯ ವೀಸಾ ವಾರದೊಳಗೆ ಬಂತು, ಅವಳು ಹೊರಟಳು. ನನ್ನ ರಜೆ ಮಾತ್ರ ರದ್ದಾಗಲಿಲ್ಲ. ಹೀಗಾಗಿ ಜೂನ್ ತಿಂಗಳ ಬಹ್ರೈನಿನಲ್ಲಿ, ಹನ್ನೊಂದು ಖಾಲಿ ಕ್ಯಾನುಗಳ ನಡುವೆ, ನಾನು ವಿಹಾರಕ್ಕೆ ಕೂತೆ. ಲಿಲ್ಲಿ ಬಾಯಿ ಕ್ಯಾನಿನ ಬದಲು ಎರಡು ಸಣ್ಣ ಬಾಟಲಿ ಸುಮತಿಯ ಕೈಯಲ್ಲಿ ಕೊಟ್ಟು ಸಮಾಧಾನಪಟ್ಟರು. ನಕ್ಷೆಯ ಇನ್ನೊಂದು ಪ್ರತಿ ನನ್ನ ಬಳಿ ಇತ್ತು. ದಿನಾ 9.15ಕ್ಕೆ ಪೆನ್ಸಿಲ್ ಹಿಡಿದು ಹೊರಡುತ್ತಿದ್ದೆ. 10.40ಕ್ಕೆ ನಿಲ್ಲುತ್ತಿದ್ದೆ. ಈಗ ಸುಮತಿ ದೃಶ್ಯ ನೋಡುತ್ತಿದ್ದಾಳೆ, ಇನ್ನು ಹನ್ನೆರಡು ನಿಮಿಷ ಎಂದು ಪಾಸ್ಕಲ್‌ಗೆ ತಿಳಿಸುತ್ತಿದ್ದೆ. ಅಂಗಡಿಯಲ್ಲಿ, ಆಫೀಸಿನವರು ಸಿಕ್ಕಲ್ಲಿ, ನನ್ನ ಹೆಂಡತಿಯನ್ನು ಫ್ರಾನ್ಸಿಗೆ ಕಳಿಸಿದ್ದೇನೆ ಎಂದು ಹೇಳುತ್ತಿದ್ದೆ, ಅದು ಮೊದಲಿನಿಂದಲೂ ನನ್ನದೇ ಯೋಜನೆಯೆಂಬ ಹಾಗೆ. ಐದನೇ ದಿನಕ್ಕೆ ನನಗೇ ಅದು ನಿಜವೆನಿಸಿತು. ನಮ್ಮ ಸೀಮೆಯ ಯಾವ ಹೆಂಗಸು ಇಷ್ಟು ದೂರ ಗಂಡನಿಲ್ಲದೆ ಹೋಗಿದ್ದಳು? ಅನ್ನಕ್ಕೆ ನೀರೆಷ್ಟು ಎಂಬುದು ಮಾತ್ರ ಕೊನೆಯವರೆಗೆ ಬಗೆಹರಿಯಲಿಲ್ಲ. ಹನ್ನೆರಡು ದಿನವೂ ಗಂಜಿಯೇ ಆಯಿತು.

ಮುಹರ್ರಕ್ ವಿಮಾನ ನಿಲ್ದಾಣದಲ್ಲಿ ಅವಳು ಹೊರಗೆ ಬಂದಾಗ ಒಂದು ಕ್ಷಣ ಗುರುತು ಸಿಗಲಿಲ್ಲ. ಮುಖ ಬಿಸಿಲಿಗೆ ಕಂದಿತ್ತು, ತಲೆಯ ಮೇಲೆ ಹುಲ್ಲಿನ ಟೊಪ್ಪಿ, ನಡಿಗೆಯಲ್ಲಿ ಅವಸರವೇ ಇರಲಿಲ್ಲ. ಕಾರಿನಲ್ಲಿ ಕೂತಕೂಡಲೇ ನಾನು ಕೇಳಿದ್ದು ನಕ್ಷೆಯ ವಿಷಯ.

ಬಹಳ ಉಪಕಾರವಾಯಿತು ಎಂದಳು. ಅಂಗಳದ ಕಲ್ಲಿನ ಮೇಜಿಗೆ ಅದು ಸರಿಯಾಗಿ ಹಾಸಿಕೊಳ್ಳುತ್ತಿತ್ತಂತೆ. ದಿನಾ ಅದರ ಮೇಲೆ ಬ್ರೆಡ್ಡು, ಚೆರಿ ಹಣ್ಣು, ಆಲಿವ್ ಇಟ್ಟು ತಿಂದರಂತೆ. ಬಿಡಿಸಿ ತೋರಿಸಿದಳು. ನನ್ನ ಮೂರು ಬಣ್ಣದ ಹಳ್ಳಿಗಳ ಮೇಲೆ ಎಣ್ಣೆಯ ಸರೋವರಗಳು ಎದ್ದಿದ್ದವು. ನೋಡಿದ್ದು ಎರಡೇ ಹಳ್ಳಿಯಂತೆ. ಒಂದೊಂದರಲ್ಲಿ ಇಡೀ ದಿನ ಕೂತರಂತೆ. ಲೂರ್ಡ್ಸ್ ನೀರು? ಅದು ಕ್ಲೇರ್ ಅಮ್ಮನ ಅತ್ತೆಯ ದೇವರ ಕೋಣೆಯಲ್ಲೇ ಇತ್ತು, ಎರಡು ಬಾಟಲಿ ತುಂಬಿಸಿ ಕೊಟ್ಟರು. ನನ್ನ ಒಂದೂವರೆ ಅಡಿಯ ಬಾಲಕ್ಕೆ ಅಲ್ಲಿಗೆ ಮುಕ್ತಿಯಾಯಿತು.

"ಮತ್ತೆ ಏರು?" ಎಂದು ಆಸೆಯಿಂದ ಕೇಳಿದೆ. ಏರಾದರೂ ಭಯಂಕರವಾಗಿರಬೇಕಲ್ಲ!

ಅವಳು ಬ್ಯಾಗಿನಿಂದ ಒಂದು ಫೋಟೋ ತೆಗೆದಳು. ಮನೆಯ ಹಿಂದಿನ ತೋಟದ ದಾರಿ, ಕಡಿದಾದ ಏರು, ನಡುವೆ ನಿಂತ ಪುಟ್ಟ ಕಾರು. ಸ್ಟಿಯರಿಂಗ್ ಹಿಡಿದು ಕೂತವಳು ಸುಮತಿ. ಮೊದಲನೇ ದಿನವೇ ಬಂತು, ಕಷ್ಟವೇನಿಲ್ಲ, ಕ್ಲಚ್ ಮೆಲ್ಲ ಬಿಟ್ಟರೆ ಆಯಿತು ಎಂದಳು. ಆ ಫೋಟೋವನ್ನು ನಾನು ಆಫೀಸಿನ ಮೇಜಿನ ಮೇಲೆ ಎಂಟು ವರ್ಷ ಇಟ್ಟುಕೊಂಡಿದ್ದೆ. ನನ್ನ ಯಾವ ನಕ್ಷೆಯನ್ನೂ ಅಷ್ಟು ಜನರಿಗೆ ತೋರಿಸಿದವನಲ್ಲ.

ಮುಹರ್ರಕ್ ಬಿಟ್ಟು ಸಮುದ್ರದ ಮೇಲಿನ ಸೇತುವೆ ದಾಟುವಾಗ ಅವಳು ಕಿಟಕಿಯ ಗಾಜು ಇಳಿಸಿ, ಬಿಸಿಗಾಳಿಗೇ ಮುಖ ಕೊಟ್ಟು, ಬಹಳ ಹೊತ್ತು ಸಮುದ್ರ ನೋಡಿದಳು. ಆಮೇಲೆ ಹೇಳಿದಳು.

"ಅಲ್ಲಿ ಎಲ್ಲಕ್ಕಿಂತ ಚಂದ ಎಂತ ಗೊತ್ತುಂಟಾ? ಹನ್ನೆರಡು ದಿನ ನನ್ನತ್ರ ಯಾರೂ, ಇವತ್ತು ಅಡುಗೆ ಎಂತ ಅಂತ ಕೇಳ್ಲಿಲ್ಲ."

ಹನ್ನೆರಡು ದಿನ ಗಂಜಿ ಕುಡಿದ ನನ್ನ ನಾಲಗೆಯ ತುದಿಯಲ್ಲಿ ಆ ಕ್ಷಣ ಇದ್ದದ್ದು ಅದೇ ಪ್ರಶ್ನೆ. ನುಂಗಿಕೊಂಡೆ. ಮನೆಗೆ ಹೋಗಿ, ಹದಿಮೂರನೆಯ ಗಂಜಿಗೆ ನಾನೇ ನೀರಿಟ್ಟೆ.